ನಿಘಂಟಿನಲ್ಲಿ ಇಲ್ಲದ, ನಮ್ಮ ಮಲೆನಾಡಿಗೆ ಬೇಕೇ ಬೇಕಾದ ಪದಗಳು: ನಿಮ್ಮ ಮನೆಯಲ್ಲಿ ಹುಟ್ಟಿದ್ದನ್ನು ಬರೆಯಿರಿ

ಕಂಬಳಿಕೊಪ್ಪೆ (ತೀರ್ಥಹಳ್ಳಿ ಕಡೆ)

ಹೋದ ವಾರ ಪುನರ್ವಸು ಮಳೆಗೆ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಹೇಳದೆ ಕೇಳದೆ ಬಂತು. ಯಾವ ಸ್ವಿಚ್ ಹಾಕಿತ್ತು, ಯಾವುದು ಆರಿಸಿತ್ತು ಅನ್ನೋದು ಯಾರಿಗೂ ನೆನಪಿಲ್ಲ. ಜಗಲಿ ದೀಪ, ಬಚ್ಚಲ ದೀಪ, ಕೊಟ್ಟಿಗೆ ದೀಪ, ನಡುಮನೆ ಫ್ಯಾನು ಎಲ್ಲ ಒಂದೇ ಸಲ. ಅಡುಗೆಮನೆಯಲ್ಲಿ ಮಿಕ್ಸಿ ಖಾಲಿ ಜಾರಿನಲ್ಲೇ ಗರ್ರ್ ಅಂತ ತಿರುಗೋಕೆ ಶುರು ಮಾಡ್ತು. ನಾಯಿ ಬೊಗಳಿತು, ಕೊಟ್ಟಿಗೆಯಲ್ಲಿ ಮಲಗಿದ್ದ ದನ ಎದ್ದು ನಿಂತವು, ಅಮ್ಮ ಹಾಸಿಗೆಯಲ್ಲೇ ಕೂತು "ಯಾರು ಬಂದ್ರು?" ಅಂದರು. ಮಿಕ್ಸಿ ಆರಿಸಿ ಅಲ್ಲೇ ನಿಂತಾಗ ನನಗೆ ಹೊಳೆದದ್ದು ಒಂದೇ: ಇದು ನಮ್ಮ ಕಡೆ ಪ್ರತಿ ಮಳೆಗಾಲ, ಪ್ರತಿ ಮನೆಯಲ್ಲೂ ಆಗುತ್ತೆ. ಇಷ್ಟು ವರ್ಷದಿಂದ ಆಗ್ತಾ ಇದೆ. ಇದಕ್ಕೆ ಒಂದು ಪದ ಇಲ್ವಲ್ಲ!

ನಮ್ಮ ಅಪ್ಪ ಇದ್ದಿದ್ದರೆ ಬೆಳಗಾಗುವುದರೊಳಗೆ ಒಂದು ಪದ ಮಾಡಿ ಕೊಡ್ತಿದ್ದರು. ಅವರು ಮಾಡಿದ ಒಂದು ಪದ ಇಲ್ಲಿ ಮೊದಲು ಇಡ್ತೀನಿ.

ಕಳ್ಳಹೊಳವು: ಜಡಿಮಳೆಯ ನಡುವೆ, ನಮ್ಮನ್ನು ಮನೆಯಿಂದ ಹೊರಗೆ ಕರೆಯಲಿಕ್ಕೆ ಅಂತಲೇ ಬರುವ ಹತ್ತು ನಿಮಿಷದ ಹೊಳವು, ಅಂದರೆ ಮಳೆಯ ಬಿಡುವು. ಬಟ್ಟೆ ಅಂಗಳಕ್ಕೆ ಹೋಗುವ ತನಕ ಕಾಯುತ್ತದೆ, ಹೋದ ಕೂಡಲೆ ಹೊಯ್ಯುತ್ತದೆ.

ಅಪ್ಪ ಆಡ್ತಿದ್ದ ಮಾತು: "ಹೋಗ್ಬೇಡ ಮಗಾ, ಅದು ಕಳ್ಳಹೊಳವು. ಗುಡ್ಡದ ಮೇಲಿನ ಬಣ್ಣ ನೋಡು." ಗುಡ್ಡದ ನೆತ್ತಿ ಕಾಣದೆ ಬರೀ ಅಂಗಳ ಮಾತ್ರ ಬೆಳಗಾದರೆ ಅದು ಕಳ್ಳಹೊಳವು. ನೆತ್ತಿಯ ಮರ ಒಂದೊಂದಾಗಿ ಎಣಿಸುವ ಹಾಗೆ ಕಂಡರೆ ನಿಜವಾದ ಹೊಳವು. ಈ ಲೆಕ್ಕ ನಾನು ನೋಡಿದ ಹಾಗೆ ತಪ್ಪಿದ್ದು ಕಡಿಮೆ.

ಅಪ್ಪ ಹೋಗಿ ಎರಡು ವರ್ಷ. ಆ ಪದ ಈಗ ಮೂರು ಜನರ ಬಾಯಲ್ಲಿದೆ: ನಾನು, ಅಮ್ಮ, ತಮ್ಮ. ನಾಲ್ಕನೆಯವರಿಗೂ ಗೊತ್ತಾಗಲಿ ಅಂತ ಈ ಚರ್ಚೆ ಶುರು ಮಾಡ್ತಾ ಇದ್ದೀನಿ. ಪದ ಬರೆಯುವಾಗ ಅರ್ಥ ಬರೆಯಿರಿ, ಜೊತೆಗೆ ಮನೆಯಲ್ಲಿ ನಿಜವಾಗಿ ಆಡಿದ ಒಂದು ಮಾತೂ ಇರಲಿ. ಯಾರ ಮೈ, ಜಾತಿ, ನಡೆ ನೋಡಿ ಹಂಗಿಸುವ ಪದ ಬೇಡ. ಮತ್ತೆ ಆ ರಾತ್ರಿ ಎರಡು ಗಂಟೆಯ ಕರೆಂಟಿಗೆ ಒಂದು ಹೆಸರು ಹುಡುಕಿಕೊಡಿ.

ಮೆಟ್ಟುಗತ್ತಿ (ಸಾಗರ)

ಅಕ್ಕ, ಕಳ್ಳಹೊಳವು ಇವತ್ತಿಂದ ನಮ್ಮನೆಗೂ ಬಂತು.

ನಮ್ಮದು ತೋಟದ ಮನೆ, ಆದ್ದರಿಂದ ಪದಾನೂ ಅಡಿಕೆಯದ್ದೇ.

ಮಂಡಿಮಂಡಿಗೆ: ಅಡಿಕೆ ಮಂಡಿಯಲ್ಲಿ ದರ ಏರಿದೆ ಅಂತ ಕೇಳಿದ ಕ್ಷಣದಿಂದ ಮನಸ್ಸಿನಲ್ಲಿ ತಿನ್ನಲು ಶುರು ಮಾಡುವ ಮಂಡಿಗೆ. ಅಡಿಕೆ ಇನ್ನೂ ಮರದ ಮೇಲೇ ಇರುತ್ತದೆ.

ಮನಸ್ಸಿನಲ್ಲಿ ಮಂಡಿಗೆ ತಿನ್ನೋದು ಅನ್ನುವ ಮಾತು ಎಲ್ಲರಿಗೂ ಗೊತ್ತು. ಅಡಿಕೆಯನ್ನ ಮಂಡಿಗೆ ಒಯ್ಯುವ ಮೊದಲೇ ತಿನ್ನುವ ಮಂಡಿಗೆ ಇದು. ನಮ್ಮ ಚಿಕ್ಕಪ್ಪ ಕಟ್ಟಿದ್ದು. ಆ ವರ್ಷ ದರ ಏರಿದಾಗ ನಮ್ಮನೆಯಲ್ಲಿ ಹೊಸ ಜೀಪು, ಹೊಸ ಬಾವಿ, ಅತ್ತಿಗೆಗೆ ಒಂದೆಳೆ ಸರ ಎಲ್ಲ ಒಂದೇ ರಾತ್ರಿಯಲ್ಲಿ ಆಗಿಹೋದವು. ಚಿಕ್ಕಪ್ಪ ಮೂಲೆಯಲ್ಲಿ ಕೂತು, "ಮಂಡಿಮಂಡಿಗೆ ಸಾಕು, ನಾಳೆ ಬೋರ್ಡೋ ಹೊಡ್ಸೋದು ಯಾರು?" ಅಂದರು. ಎಲ್ಲರೂ ಎದ್ದು ಮಲಗೋಕೆ ಹೋದೆವು. ಆ ಮಳೆಗಾಲ ಕೊಳೆ ರೋಗ ಬಂದು ಅರ್ಧ ಅಡಿಕೆ ಬುಡಕ್ಕೆ ಉದುರಿತು.

ಬೋರ್ಡೋ ಅನ್ನುವ ಪದವನ್ನೂ ನೋಡಿ. ಫ್ರಾನ್ಸಿನ ಒಂದು ಊರಿನ ಹೆಸರು ಅದು, ಅಲ್ಲಿ ದ್ರಾಕ್ಷಿ ತೋಟಕ್ಕೆ ಹೊಡೆಯಲು ಶುರು ಮಾಡಿದ ಮದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡರಿಗೆ ಆ ಊರು ಎಲ್ಲಿದೆ ಅಂತ ಗೊತ್ತಿಲ್ಲ, ಆದ್ರೆ ದಿನಕ್ಕೆ ಇಪ್ಪತ್ತು ಸಲ ಅದರ ಹೆಸರು ಹೇಳ್ತಾರೆ. "ಈ ಮರಕ್ಕೆ ಬೋರ್ಡೋ ಆತನ?" ಅಂತ ಕೇಳಿದಾಗ ಅದು ಅಪ್ಪಟ ಸಾಗರದ ಕನ್ನಡ.

ಗೋಪಿಸರ್ಕಲ್ (ಶಿವಮೊಗ್ಗ ಪೇಟೆ)

ಕರೆಂಟಿಗೆ ನನ್ನ ಪದ: ದಿಢೀರ್‌ದೀಪಾವಳಿ.

ಅಡಿಕೆ ವಿಷಯ ಬಂತಲ್ಲ, ನಮ್ಮ ಹಾಸ್ಟೆಲ್‌ನಲ್ಲಿ ಮಾರ್ಕ್ಸ್‌ಗೆ ನಾವು ಅಡಿಕೆ ಲೆಕ್ಕವೇ ಇಟ್ಟುಕೊಂಡಿದ್ವಿ. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ ಕೂಗ್ತಾರಲ್ಲ, ಅದೇ ಕ್ರಮ. ತೊಂಬತ್ತರ ಮೇಲೆ ಬಂದರೆ ಸರಕು. ಪಾಸಾದರೆ ಸಾಕಪ್ಪಾ ಅನ್ನುವ ಹಾಗಿದ್ದರೆ ಗೊರಬಲು. ಫೋನಿನಲ್ಲಿ ಮನೆಯವರು ಪಕ್ಕದಲ್ಲಿದ್ದಾಗ "ಗಣಿತ ಎಂತ ಆತ?" ಅಂತ ಗೆಳೆಯ ಕೇಳಿದರೆ "ರಾಶಿ" ಅಂದುಬಿಡೋದು. ಅಪ್ಪ ದರದ ಮಾತು ಅಂತ ಸುಮ್ಮನಿರ್ತಿದ್ದರು. ಆದ್ರೆ ನನ್ನ ರೂಮಿನಲ್ಲಿ ಬಯಲುಸೀಮೆಯ ಹುಡುಗ ಒಬ್ಬ ಇದ್ದ. ಅವನಿಗೆ ಇದು ತಲೆಬುಡ ಅರ್ಥವಾಗದೆ ಆರು ತಿಂಗಳು ನಮ್ಮ ಮಾತಿನ ಹೊರಗೇ ಉಳಿದ. ಒಂದು ದಿನ ಅವನನ್ನು ಮಂಡಿಗೆ ಕರ್ಕೊಂಡು ಹೋಗಿ ನಾಲ್ಕೂ ಬಗೆಯ ಅಡಿಕೆ ಮುಟ್ಟಿಸಿ ತೋರಿಸಿದೆವು. ಅವತ್ತಿಂದ ಅವನೇ ಎಲ್ಲರಿಗಿಂತ ಹೆಚ್ಚು ಬಳಸೋಕೆ ಶುರು ಮಾಡಿದ.

ಕಂಬಳಿಕೊಪ್ಪೆ

ದಿಢೀರ್‌ದೀಪಾವಳಿ ಚೆನ್ನಾಗಿದೆ ತಮ್ಮಾ, ಆದರೆ ಅದರಲ್ಲಿ ದೀಪ ಮಾತ್ರ ಬಂತು. ಮಿಕ್ಸಿ ಬರಲಿಲ್ಲ, ನಾಯಿ ಬರಲಿಲ್ಲ, ಅಮ್ಮ ಬರಲಿಲ್ಲ. ಇನ್ನೂ ಹುಡುಕೋಣ.

ಹೊಗೆಗೂಡು (ಹೊಸನಗರ)

ಹೊಗೆಯಿಸ್ತ್ರಿ: ಆಷಾಢದಲ್ಲಿ ಒದ್ದೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸುವುದು. ಬಟ್ಟೆ ಗರಿಗರಿಯಾಗುತ್ತದೆ, ಗಂಜಿ ಹಾಕಿದ ಹಾಗೆ. ವಾಸನೆ ಬೇಸಿಗೆ ಬರುವ ತನಕ ಹೋಗುವುದಿಲ್ಲ.

ಅಮ್ಮ ಹೇಳೋದು: "ಆ ನೀಲಿ ಅಂಗಿ ಹಾಕ್ಕೊ, ಹೊಗೆಯಿಸ್ತ್ರಿ ಆಗಿದೆ."

ಕಾಲೇಜಿಗೆ ಅಂತ ಮೊದಲ ಸಲ ಶಿವಮೊಗ್ಗಕ್ಕೆ ಬಂದಾಗ ಕ್ಲಾಸಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡ. ಆ ದಿನ ಅಂಗಿಯನ್ನ ಮೂರು ಸಲ ಒಗೆದೆ. ಈಗ ಹದಿನೈದು ವರ್ಷದಿಂದ ಬೇರೆ ಊರಿನಲ್ಲಿ ಇದ್ದೀನಿ. ಊರಿನಿಂದ ಬಂದ ಚೀಲ ಬಿಚ್ಚಿದಾಗ, ಹಪ್ಪಳ ಸುತ್ತಿದ ಹಳೇ ಪಂಚೆಯಿಂದ ಆ ವಾಸನೆ ಬಂದರೆ ಎರಡು ನಿಮಿಷ ಹಾಗೇ ಹಿಡ್ಕೊಂಡು ಕೂರ್ತೀನಿ.

ಹಳೇಮೇಷ್ಟ್ರು (ಭದ್ರಾವತಿ)

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು. ಇಲ್ಲಿಯ ಪದಗಳನ್ನು ಓದಿ ಮನಸ್ಸು ತುಂಬಿತು. ನೀವೆಲ್ಲ ಗೊತ್ತಿಲ್ಲದೆಯೇ ವ್ಯಾಕರಣವನ್ನು ಸರಿಯಾಗಿ ಪಾಲಿಸಿದ್ದೀರಿ. ಹೊಗೆ ಮತ್ತು ಇಸ್ತ್ರಿ ಸೇರುವಾಗ ನಡುವೆ 'ಯ' ಬಂದಿದೆ, ಅದು ಯಕಾರಾಗಮ. ಯಾರೂ ಹೇಳಿಕೊಡದೆ ಹೊಸನಗರದ ಒಬ್ಬ ತಾಯಿಯ ಬಾಯಲ್ಲಿ ಬಂದಿದೆ.

ಪದ ಕಟ್ಟುವುದು ನಮ್ಮಲ್ಲಿ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಬಾನುಲಿ ಕೇಂದ್ರದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 'ಬಾನುಲಿ' ಕೂಡ ಹೀಗೇ ಕಟ್ಟಿದ ಪದ: ಬಾನಿನ ಉಲಿ. ಪದಕ್ಕೆ ನಗಿಸುವ ಅರ್ಥ ಕೊಡುವ ಆಟವನ್ನು ನಾ. ಕಸ್ತೂರಿಯವರು 'ಅನರ್ಥಕೋಶ' ಎಂದು ಪುಸ್ತಕವನ್ನೇ ಮಾಡಿ ಕನ್ನಡಕ್ಕೆ ಕೊಟ್ಟರು. ಅಮೆರಿಕದಲ್ಲಿ ಆರನ್ ಪೆಕ್ಹಮ್ ಎಂಬ ವಿದ್ಯಾರ್ಥಿ 1999ರಲ್ಲಿ ಅರ್ಬನ್ ಡಿಕ್ಷನರಿ ಶುರು ಮಾಡಿ, ಯಾರು ಬೇಕಾದರೂ ಬೀದಿಮಾತಿಗೆ ಅರ್ಥ ಬರೆಯಬಹುದು ಅಂದ. ಅದನ್ನು ನನ್ನ ಮೊಮ್ಮಗಳು ತೋರಿಸಿದಾಗ ನಾನು ಅವಳಿಗೆ ಕಸ್ತೂರಿಯವರ ಪುಸ್ತಕ ತೋರಿಸಿದೆ.

ಒಂದು ಮಾತು ಮಾತ್ರ ಗಮನಿಸಿ. ಕಟ್ಟಿದ ಪದಗಳಲ್ಲಿ ಕೆಲವು ನಿಂತವು, ಕೆಲವು ನಿಲ್ಲಲಿಲ್ಲ. 'ಅಂತರ್ಜಾಲ', 'ಜಾಲತಾಣ' ಪತ್ರಿಕೆಯಲ್ಲಿ ದಿನವೂ ಕಾಣುತ್ತವೆ. 'ಜಂಗಮವಾಣಿ' ಎಷ್ಟು ಚಂದದ ಪದ! ಆದರೆ ಕಿಸೆಯಿಂದ ಮೊಬೈಲು ತೆಗೆಯುವಾಗ ಯಾರೂ ಅದನ್ನು ಅನ್ನುವುದಿಲ್ಲ. ಪದ ಬರೆದವರ ಪೆನ್ನಿನಲ್ಲಿ ಹುಟ್ಟಿದ್ದು ಬೇರೆ, ಮಿಕ್ಸಿಯ ಮುಂದೆ ನಿಂತವರ ಬಾಯಲ್ಲಿ ಹುಟ್ಟಿದ್ದು ಬೇರೆ.

ಘಾಟಿತಿರುವು (ಆಗುಂಬೆ)

ಮೇಷ್ಟ್ರೇ, ನನ್ನ ಪದ ನೋಡಿ ಬೈಬೇಡಿ.

ಮೋಡಾಸ್ತ: ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಒಂದೂವರೆ ಗಂಟೆ ಕಾದ ಮೇಲೆ ಕಾಣುವುದು. ಸೂರ್ಯ ಮೋಡದೊಳಗೆ ಎಲ್ಲಿಯೋ ಮುಳುಗಿದ ಅಂತ ಗಡಿಯಾರ ನೋಡಿ ತಿಳ್ಕೋಬೇಕು.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಊರು ನಮ್ಮದು. ದೂರದಿಂದ ಬಂದವರಿಗೆ ಬೇಜಾರಾಗದ ಹಾಗೆ ಹೇಳೋಕೆ ಒಂದು ಪದ ಬೇಕಿತ್ತು. "ಇವತ್ತು ಮೋಡಾಸ್ತ ಸಿಗುತ್ತೆ ನೋಡಿ" ಅಂದರೆ ಅವರೂ ನಗ್ತಾರೆ, ಕಾಯ್ತಾರೆ. ಆಮೇಲೆ ಮಂಜು ಕಣಿವೆಯಿಂದ ಮೇಲೆ ಹತ್ತುವುದನ್ನು ನೋಡಿ ಸೂರ್ಯನನ್ನೇ ಮರೀತಾರೆ.

ಹಳೇಮೇಷ್ಟ್ರು

ಬೈಯುವುದಿಲ್ಲ. ಕನ್ನಡದ ಮೋಡಕ್ಕೆ ಸಂಸ್ಕೃತದ ಅಸ್ತವನ್ನು ಕಟ್ಟಿದ್ದೀರಿ, ಇದು ಅರಿಸಮಾಸ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಇದನ್ನು ಒಪ್ಪುವುದಿಲ್ಲ. ಆದರೆ ಬಿರುದುಗಳಲ್ಲಿ, ಹಿಂದಿನ ಕವಿಗಳು ಬಳಸಿದ ಕಡೆಗಳಲ್ಲಿ ಇರಲಿ ಎಂದು ಅವನೇ ಬಾಗಿಲು ತೆರೆದಿಟ್ಟಿದ್ದಾನೆ. ಮೋಡಾಸ್ತವನ್ನು ಆಗುಂಬೆಗೆ ಕೊಟ್ಟ ಬಿರುದು ಎಂದು ತಿಳಿಯುತ್ತೇನೆ.

ಕೊನೇಬಸ್ಸು (ಕೊಪ್ಪ)

ಬಸ್‌ಕಿವಿ: ಬಸ್ಸು ಕಾಣುವ ಮೊದಲೇ, ಎರಡು ತಿರುವು ಆಚೆಯ ಶಬ್ದದಿಂದ ಇದು ಯಾವ ಬಸ್ಸು, ಯಾವ ಡ್ರೈವರ್ ಅಂತ ಹೇಳುವ ಕಿವಿ.

ನಮ್ಮ ಅಜ್ಜಿಗೆ ಇತ್ತು. ಹಾಲಿನ ಕ್ಯಾನು ಕೊಡಲಿಕ್ಕೆ ಮನೆಯಿಂದ ರಸ್ತೆಗೆ ಇಳಿಯುವುದು ಆ ಶಬ್ದ ಕೇಳಿದ ಮೇಲೇ, ಒಂದು ದಿನವೂ ಬಸ್ಸು ತಪ್ಪಲಿಲ್ಲ. "ಇದು ಬೆಳಗಿನದ್ದಲ್ಲ, ಗೇರು ಬೇರೆ ಹಾಕ್ತಾನೆ" ಅನ್ನೋರು. ಮೇಷ್ಟ್ರೇ, ಬಸ್‌ಕಿವಿನೋ ಬಸ್‌ಗಿವಿನೋ? ನಮ್ಮಲ್ಲಿ ಎರಡೂ ಅಂತಾರೆ, ಜಗಳ ಇದೆ.

ಹಳೇಮೇಷ್ಟ್ರು

ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕ, ತ, ಪಗಳಿಗೆ ಗ, ದ, ಬಗಳು ಬರುವುದು ಆದೇಶ ಸಂಧಿ. ಇಂಗ್ಲಿಷಿನ 'ಬಸ್'ಗೆ ನಮ್ಮ ಜನ ಕೊನೆಯಲ್ಲಿ ಒಂದು 'ಉ' ಸೇರಿಸಿ 'ಬಸ್ಸು' ಮಾಡಿದರು, ಕಾರು, ಲೈಟು, ಪೆನ್ನು ಮಾಡಿದ ಹಾಗೆ. ಆ ಉಕಾರ ಬಂದ ದಿನವೇ ಅದು ಕನ್ನಡದ ಮನೆಗೆ ಸೊಸೆಯಾಗಿ ಬಂತು. ಆದ್ದರಿಂದ ನನ್ನ ಕಿವಿಗೆ 'ಬಸ್ಸುಗಿವಿ' ಹಿತ. ಆದರೆ ನಿಮ್ಮ ಅಜ್ಜಿ ಏನನ್ನುತ್ತಿದ್ದರೋ ಅದೇ ಸರಿ.

ಕೊನೇಬಸ್ಸು

ಅಜ್ಜಿ ಬಸ್ಸುಗಿವಿ ಅಂತಲೇ ಅನ್ನೋರು! ಜಗಳ ಮುಗೀತು.

ಗೊರಬು (ಶೃಂಗೇರಿ ಕಡೆ)

ನನಗೆ ಇದೆಲ್ಲ ನೋಡಿ ಒಂದು ಬೇಸರ. ಹೊಸ ಪದ ಕಟ್ತಾ ಇದ್ದೀವಿ, ಹಳೆಯದು ಕಣ್ಣೆದುರು ಸಾಯ್ತಾ ಇದೆ. ನನ್ನ ಹೆಸರೇ ನೋಡಿ. ಗದ್ದೆ ನಾಟಿ ಮಾಡುವಾಗ ಬೆನ್ನಿಗೆ ಹಾಕ್ಕೊಳ್ಳುವ ಎಲೆಯ ಮಳೆಗೂಡು ಗೊರಬು. ಈಗ ಎಲ್ಲರಿಗೂ ಪ್ಲಾಸ್ಟಿಕ್ ಕೊಪ್ಪೆ. ನನ್ನ ಮಗಳಿಗೆ ಗೊರಬು ಗೊತ್ತಿಲ್ಲ, ಬೇಲಿಗೆ ಗಳ ಸರಿಸುವ ಬಾಗಿಲು ದಣಪೆ ಗೊತ್ತಿಲ್ಲ, ಒನಕೆ ಚಿತ್ರದಲ್ಲಿ ನೋಡಿದ್ದಾಳೆ. ಸೋನೆ ಬೇರೆ, ಜಡಿ ಬೇರೆ ಅಂತ ಗೊತ್ತಿಲ್ಲ, ಎಲ್ಲದಕ್ಕೂ "ರೈನ್". ಇರುವ ಪದ ಉಳಿಸಿಕೊಳ್ಳದೆ ಆಟದ ಪದ ಕಟ್ಟುವುದು ಯಾಕೆ? ಕೋಪಕ್ಕೆ ಅಲ್ಲ, ಸಂಕಟಕ್ಕೆ ಕೇಳ್ತಾ ಇದ್ದೀನಿ.

ಕಂಬಳಿಕೊಪ್ಪೆ

ನಿಮ್ಮ ಸಂಕಟ ನನ್ನದೂ ಹೌದು. ಎರಡು ದಿನ ಯೋಚನೆ ಮಾಡಿ ಬರೀತಾ ಇದ್ದೀನಿ.

ಈ ಚರ್ಚೆ ಶುರುವಾದ ಮೇಲೆ ನನ್ನ ತಮ್ಮನ ಆರು ವರ್ಷದ ಮಗ ಬಂದಿದ್ದ. 'ಹೊಳವು' ಅಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಕೂರಿಸಿಕೊಂಡು "ಹೊಳವು ಅಂದರೆ ಮಳೆ ಬಿಡುವುದು" ಅಂತ ಹೇಳಿದ್ದರೆ ಕೇಳಿ ಮರೀತಿದ್ದ. ಆದರೆ ಕಳ್ಳಹೊಳವು ಅಂದಾಗ ಅವನ ಕಣ್ಣು ಅರಳಿತು. ಮಳೆ ಕಳ್ಳನಾ? ಎಲ್ಲಿ ಅಡಗಿದೆ? ಅಜ್ಜನ ಹಾಗೇ ಜಗಲಿ ತುದಿಗೆ ಹೋಗಿ ಗುಡ್ಡದ ಬಣ್ಣ ನೋಡಲಿಕ್ಕೆ ಶುರು ಮಾಡಿದ. ಮೂರನೇ ದಿನ ಅವನೇ ಒಳಗೆ ಓಡಿ ಬಂದು, "ಅತ್ತೆ, ಇದು ಕಳ್ಳದ್ದಲ್ಲ, ಬರೀ ಹೊಳವು" ಅಂದ.

ಹಳೆಯ ಪದ ಅವನಿಗೆ ಸಿಕ್ಕಿದ್ದು ಆಟದ ಪದದ ಹೊಟ್ಟೆಯೊಳಗಿಂದ. ನೀವೂ ಗೊರಬಿನಿಂದ, ದಣಪೆಯಿಂದ ಒಂದು ಪದ ಕಟ್ಟಿ ನೋಡಿ ಅಣ್ಣ. ನಿಮ್ಮ ಮಗಳಿಗೆ ಅಂತಲೇ.

ಗೊರಬು

ಪ್ರಯತ್ನ ಮಾಡಿದೆ. ಇದು ನಮ್ಮ ಮನೆಯಾಕೆಯೂ ನಾನೂ ಸೇರಿ ಕಟ್ಟಿದ್ದು.

ದಣಪೆಮಾತು: ನೆಂಟರು "ಬರ್ತೀವಿ" ಅಂತ ಎದ್ದು, ಕುಂಕುಮ ತಗೊಂಡು, ಚಪ್ಪಲಿ ಮೆಟ್ಟಿ, ದಣಪೆಯ ಗಳ ಸರಿಸಿ, ಅಲ್ಲಿ ನಿಂತು ಆಡುವ ಮುಕ್ಕಾಲು ಗಂಟೆಯ ಮಾತು.

ಬರೆದ ಮೇಲೆ ಒಂದು ಹೊಳೆಯಿತು. ಜಗಲಿಯಲ್ಲಿ ಕೂತಾಗ ಆಡುವುದು ಮಳೆ, ದರ, ಮದುವೆ. ನಿಜವಾದ ವಿಷಯ ಬರುವುದು ದಣಪೆಯಲ್ಲಿ. ನನ್ನ ಅಕ್ಕ ತನ್ನ ಕಾಯಿಲೆ ವಿಷಯ ನಮಗೆ ಹೇಳಿದ್ದು ಅಲ್ಲೇ. ಎರಡು ಗಂಟೆ ಒಳಗೆ ಕೂತು ಕೊಟ್ಟೆ ಕಡುಬು ತಿಂದು, ನಗ್ತಾ ಇದ್ದು, ಹೊರಟು, ಒಂದು ಕೈಯಲ್ಲಿ ದಣಪೆಯ ಗಳ ಹಿಡ್ಕೊಂಡು, "ಡಾಕ್ಟ್ರು ಮತ್ತೊಂದ್ ಸಲ ಬರೋಕೆ ಹೇಳಿದಾರೆ" ಅಂದಳು. ಆಮೇಲೆ ನಾನು ಅವಳ ಜೊತೆ ರಸ್ತೆ ತನಕ ನಡೆದೆ.

ಮಗಳಿಗೆ ಪದ ಹೇಳಿದೆ. "ನಮ್ಮ ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಬಾಗಿಲು ಹಿಡ್ಕೊಂಡು ಆಡ್ತಾರಲ್ಲಪ್ಪಾ, ಅದೂ ದಣಪೆಮಾತಾ?" ಅಂತ ಕೇಳಿದಳು. ಹೌದು ಅಂದೆ. ದಣಪೆಯ ಫೋಟೋ ಕಳಿಸು ಅಂದಿದ್ದಾಳೆ. ನಾಳೆ ಹುಡುಕಿಕೊಂಡು ಹೋಗಬೇಕು, ನಮ್ಮ ಊರಿನಲ್ಲಿ ಇನ್ನು ಎರಡು ಮನೆಗೆ ಮಾತ್ರ ಇದೆ.

ಮೆಟ್ಟುಗತ್ತಿ

ಅಣ್ಣ, ನಿಮ್ಮ ಅಕ್ಕ ಈಗ ಹೇಗಿದ್ದಾರೆ?

ಗೊರಬು

ಆರಾಮಿದ್ದಾಳೆ. ಹೋದ ಭಾನುವಾರವೂ ಮುಕ್ಕಾಲು ಗಂಟೆ ದಣಪೆಯಲ್ಲೇ.

ಹಿನ್ನೀರಿನವಳು (ತುಮರಿ ಕಡೆ)

ನಮ್ಮಲ್ಲಿ 'ಮುಳುಗಡೆ' ಅನ್ನೋದು ಕ್ರಿಯೆ ಅಲ್ಲ, ಊರಿನ ಹೆಸರಿದ್ದ ಹಾಗೆ. "ಅವರು ಎಲ್ಲಿಯವರು?" ಅಂದರೆ "ಮುಳುಗಡೆಯವರು". 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿದಾಗ ಗದ್ದೆ, ತೋಟ, ದೇವಸ್ಥಾನ, ದಾರಿ ಎಲ್ಲ ಒಳಗೆ ಹೋಯಿತು. ನಾಡಿಗೆ ಬೆಳಕು ಬಂತು. ನಮ್ಮ ಅಜ್ಜ ಆ ಮಾತು ಬಂದಾಗ ಯಾವತ್ತೂ ಸಿಟ್ಟಿನಿಂದ ಮಾತಾಡಲಿಲ್ಲ, ಆದರೆ ಅವರದ್ದೊಂದು ಪದ ಇತ್ತು.

ಎದ್ದೂರು: ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎದ್ದು ಕಾಣುವ, ಮುಳುಗಿದ ಊರು.

ಮಳೆ ಕಡಿಮೆಯಾದ ವರ್ಷಗಳಲ್ಲಿ 1948ರ ಹಿರೇಭಾಸ್ಕರ ಅಣೆಕಟ್ಟೇ ನೀರಿನಿಂದ ಮೇಲೆ ಬರುತ್ತದೆ, ಜನ ನೋಡಲಿಕ್ಕೆ ಬರ್ತಾರೆ. ಅಂಥ ಒಂದು ಬೇಸಿಗೆಯಲ್ಲಿ ಅಜ್ಜ ನನ್ನನ್ನು ಕರ್ಕೊಂಡು ಹೋಗಿದ್ದರು. ಬಿರುಕು ಬಿಟ್ಟ ಕೆಸರು, ಕರ್ರಗಿನ ಮರದ ಬುಡಗಳು. ಒಂದು ಕಡೆ ನಿಂತು ಕಾಲಿನಿಂದ ಕೆಸರು ಸರಿಸಿದರು, ಒಂದು ಕಲ್ಲು ಕಂಡಿತು. "ಇದು ನಮ್ಮ ಬಚ್ಚಲ ಕಲ್ಲು. ಇಲ್ಲಿ ಹಂಡೆ ಇತ್ತು," ಅಂದರು. ಆಮೇಲೆ ಹಂಡೆ ಇದ್ದ ಜಾಗ ಬಿಟ್ಟು ಸುತ್ತಿ ನಡೆದರು, ಈಗಲೂ ಅಲ್ಲಿ ಬಿಸಿ ಇರುವ ಹಾಗೆ. ಮನೆಗೆ ಬಂದು ಅಜ್ಜಿಗೆ ಹೇಳಿದ್ದು ಇಷ್ಟೇ: "ಈ ಸಲ ಎದ್ದೂರು ಚೆನ್ನಾಗಿ ಎದ್ದಿದೆ."

ಇನ್ನೊಂದು ಪದ ಈಗ ಹೋಗ್ತಾ ಇದೆ. ಲಾಂಚ್‌ಹೊತ್ತು: ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗಲೂ, ಮದುವೆಯಲ್ಲಿ ಧಾರೆ ನಡೀತಿದ್ದಾಗಲೂ ತಲೆಯೊಳಗೆ ಓಡುವ ಗಡಿಯಾರ. ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈ ದಡದಲ್ಲೇ. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ಬಂತು. ಎರಡು ಕಿಲೋಮೀಟರಿಗೂ ಉದ್ದ. ಆಂಬುಲೆನ್ಸ್ ಈಗ ದಡದಲ್ಲಿ ಕಾಯಬೇಕಾಗಿಲ್ಲ. ಅದರ ಬೆಲೆ ನಮಗಿಂತ ಬೇರೆ ಯಾರಿಗೆ ಗೊತ್ತು? ಆದರೂ ಅಮ್ಮ ಇವತ್ತಿಗೂ ಸಾಗರದ ಪೇಟೆಯಲ್ಲಿ ನಾಲ್ಕು ಗಂಟೆಯಾದ ಕೂಡಲೆ ಚೀಲ ಕಟ್ತಾರೆ. "ಅಮ್ಮಾ, ಸೇತುವೆ ಆಗಿದೆ" ಅಂದರೆ, "ಗೊತ್ತು ಮಾರಾಯ್ತಿ, ಲಾಂಚ್‌ಹೊತ್ತು ಮೈಯಲ್ಲಿ ಕೂತಿದೆ" ಅಂತಾರೆ.

ಹೊಗೆಗೂಡು

ಎದ್ದೂರು ಓದಿ ಬಹಳ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ.

ಕಾಡುಹಾದಿ (ಸೊರಬ)

ಇಂಬಳಿಸು: ಗೊತ್ತೇ ಆಗದ ಹಾಗೆ ಜೊತೆಗೆ ಬಂದುಬಿಡುವುದು. ಇಂಬಳದಿಂದ, ಅಂದರೆ ಜಿಗಣೆಯಿಂದ ಬಂದ ಪದ. ಕಚ್ಚುವಾಗ ನೋವಿಲ್ಲ, ಮನೆಗೆ ಬಂದು ಕಾಲು ತೊಳೆಯುವಾಗಲೇ ರಕ್ತ ಕಾಣುವುದು.

"ಪೇಟೆಗೆ ಹೊರಟಿದ್ದೆ, ತಂಗಿ ಇಂಬಳಿಸಿದಳು." ಪ್ರೀತಿಯಿಂದಲೇ ಅನ್ನೋದು.

ಜನ ಇಟ್ಟ ಪದದ ಬಲ ನೋಡಬೇಕಾದರೆ ನಮ್ಮ ತಾಲ್ಲೂಕಿಗೇ ಬನ್ನಿ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗಕ್ಕೆ ಜಗತ್ತಿನ ವೈದ್ಯರೆಲ್ಲ ಕ್ಯಾಸನೂರು ಹೆಸರು ಹೇಳ್ತಾರೆ, ಇಲ್ಲಿಯ ಜನ ಮಾತ್ರ ಮಂಗನ ಕಾಯಿಲೆ ಅಂತಾರೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಹುಷಾರಾಗಿರಬೇಕು ಅನ್ನುವ ಎಚ್ಚರಿಕೆ ಆ ಹೆಸರಿನೊಳಗೇ ಇದೆ. ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ ಅನ್ನೋದು ಮಾತ್ರ ಹೆಸರಿನಲ್ಲಿ ಇಲ್ಲ, ಅದನ್ನ ಬೇರೆ ಹೇಳಿಕೊಡಬೇಕು. ಹೆಸರು ಇಡುವಾಗ ಏನು ಒಳಗೆ ಬಂತು, ಏನು ಹೊರಗೆ ಉಳೀತು ಅಂತ ನೋಡಬೇಕು ಅಂತ ನನಗೆ ಇದರಿಂದಲೇ ಅನ್ನಿಸಿದ್ದು.

ಗೋಪಿಸರ್ಕಲ್

ನಮ್ಮ ಹಳ್ಳಿಯ ಒಬ್ಬರ ಮೇಲೆ ನಾವು ಹುಡುಗರು ಕಟ್ಟಿದ್ದ ಪದ ಒಂದನ್ನು ನಿನ್ನೆ ಇಲ್ಲಿ ಹಾಕಿದ್ದೆ. ಕಂಬಳಿಕೊಪ್ಪೆ ಅಕ್ಕ ಕೇಳಿದ ಮೇಲೆ ತೆಗೆದಿದ್ದೀನಿ. ಅವರ ಮಗಳು ಇದನ್ನ ಓದಿದರೆ ಅಂತ ಅಕ್ಕ ಬರೆದಿದ್ದರು. ಆ ಮಗಳು ನನ್ನ ಕ್ಲಾಸಿನವಳು. ನಾವು ಆ ಪದ ಅನ್ನುವಾಗ ಅವಳು ಬೆಂಚಿನಿಂದ ಎದ್ದು ಹೊರಗೆ ಹೋಗ್ತಿದ್ದದ್ದು ಈಗ ನೆನಪಾಗ್ತಿದೆ. ಕ್ಷಮಿಸಿ.

ಬದಲಿಗೆ ಇದು. ಸಿಗ್ನಲ್‌ಕಟ್ಟೆ: ಇಡೀ ಊರಿನಲ್ಲಿ ಮೊಬೈಲಿಗೆ ಎರಡು ಗೆರೆ ಸಿಗುವ ಒಂದೇ ಕಲ್ಲು. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಅಜ್ಜಿ ಊರಿನ ಮಕ್ಕಳೆಲ್ಲ ಗುಡ್ಡದ ಮೇಲೆ ಕೊಡೆ ಹಿಡಿದು ಅಲ್ಲೇ ಪಾಠ ಕೇಳಿದ್ದು. ಗಂಡನ ಜೊತೆ ಜಗಳ, ಸಾಲದ ಮಾತು, ಹುಡುಗಿ ನೋಡುವ ಸುದ್ದಿ ಎಲ್ಲ ಆ ಕಲ್ಲಿನ ಮೇಲೆ ನಿಂತು ಕೂಗಿಯೇ ಹೇಳಬೇಕು. ಒಬ್ಬರು ಮಾತಾಡುವಾಗ ಉಳಿದವರು ದೂರ ಸರಿದು ಬೆನ್ನು ತಿರುಗಿಸಿ ನಿಲ್ತಾರೆ. ಅಲ್ಲಿ ಕೇಳಿದ್ದನ್ನ ಊರಿಗೆ ಇಳಿದ ಮೇಲೆ ಯಾರೂ ಆಡುವುದಿಲ್ಲ.

ಕೊನೇಬಸ್ಸು

ಈ ಪದ ಸರಕು ತಮ್ಮಾ.

ಹಿನ್ನೀರಿನವಳು

ರಾತ್ರಿಯ ಕರೆಂಟಿಗೆ: ಬೆಳಕುಗದ್ದಲ? ಮರಳ್ಬೆಳಕು?

ಘಾಟಿತಿರುವು

ಮರಳ್ಬೆಳಕು ಪದ್ಯಕ್ಕೆ ಚೆನ್ನ. ಮಿಕ್ಸಿ ಎದುರು ಬರೋದಿಲ್ಲ.

ಕಂಬಳಿಕೊಪ್ಪೆ

ಸಿಕ್ಕಿತು!

ನಿನ್ನೆ ರಾತ್ರಿ ಮತ್ತೆ ಹಾಗೇ ಆಯಿತು. ಈ ಸಲ ಹತ್ತೂವರೆಗೆ. ಟಿವಿಯಲ್ಲಿ ಯಾರೋ ಜೋರಾಗಿ ನಗ್ತಾ ಇದ್ದರು, ನೀರಿನ ಮೋಟಾರು ಹೂಂಕರಿಸಿತು, ಎಲ್ಲ ದೀಪ. ನಾನು ಒಂದೊಂದೇ ಆರಿಸಿಕೊಂಡು ಬರ್ತಾ ಇದ್ದೆ. ಅಮ್ಮ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿ, ಎದೆ ಮೇಲೆ ಕೈ ಇಟ್ಟುಕೊಂಡು, "ಎಂಥ ಮಾರಾಯ್ತಿ, ಮನೆಗೆ ಮನೆಯೇ ಬೆಚ್ಚಿಬಿತ್ತು" ಅಂದರು. ಮಕ್ಕಳು ನಿದ್ದೆಯಲ್ಲಿ ಬೆಚ್ಚಿ ಎದ್ದಾಗ ಅನ್ನುವ ದನಿಯಲ್ಲೇ ಅಂದರು.

ಮನೆಬೆಚ್ಚು: ದಿನಗಟ್ಟಲೆ ಹೋಗಿದ್ದ ಕರೆಂಟ್ ರಾತ್ರಿ ಹೊತ್ತು ಒಮ್ಮೆಗೇ ಬಂದಾಗ, ದೀಪ, ಫ್ಯಾನು, ಮಿಕ್ಸಿ, ನಾಯಿ, ದನ, ಅಮ್ಮ ಎಲ್ಲ ಸೇರಿ ಮನೆ ನಿದ್ದೆಯಿಂದ ಬೆಚ್ಚಿ ಏಳುವುದು.

ಹಳೇಮೇಷ್ಟ್ರು

ಗದ್ದೆಯಲ್ಲಿ ಹಕ್ಕಿ ಬೆದರಿಸಲು ನಿಲ್ಲಿಸುವ ಬೆರ್ಚಪ್ಪನೂ ಇದೇ ಬೆಚ್ಚಿನ ವಂಶದವನು. ಹಳಗನ್ನಡದಲ್ಲಿ 'ಬೆರ್ಚು'. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮನೆಬೆಚ್ಚಿನಲ್ಲಿ ಎಲ್ಲರೂ ಬಂದರು.

ಮೆಟ್ಟುಗತ್ತಿ

ಇವತ್ತು ಬೆಳಿಗ್ಗೆಯಿಂದ ನಮ್ಮಲ್ಲಿ ಕರೆಂಟ್ ಇಲ್ಲ, ಪುಷ್ಯ ಹಿಡಿದು ಹೊಯ್ತಾ ಇದೆ. ಚಾರ್ಜ್ ಹತ್ತು ಪರ್ಸೆಂಟ್ ಇದೆ. ಮನೆಬೆಚ್ಚಾದ ಮೇಲೆ ಉಳಿದದ್ದು ಬರೀತೀನಿ. ಚಿಕ್ಕಪ್ಪನ ಪದ ಇನ್ನೂ ಆರಿವೆ.